ಎಲೆಯಿಲ್ಲದ ಹಸಿರು ಪೊದೆ: ಕೈರ್, ಖೀಂಪ್, ಫೋಗ್ ಇವುಗಳಲ್ಲಿ ಯಾವುದು?

ಪ್ರಶ್ನೆ: ಜೈಸಲ್ಮೇರ್ ಕಡೆ ಮಾರ್ಚ್ ಕೊನೆಯಲ್ಲಿ ತೆಗೆದ ಫೋಟೊಗಳು. ಆಳೆತ್ತರದ ಪೊದೆ, ಬರೀ ಹಸಿರು ಕಡ್ಡಿ. ಗಿಡ ಗುರುತಿಸುವ ಆ್ಯಪ್ ಒಂದೊಂದು ಫೋಟೊಗೆ ಒಂದೊಂದು ಹೆಸರು ಕೊಡುತ್ತಿದೆ. ಸುತ್ತ ಕಪ್ಪು ಗೆರೆಯ ಬಿಳಿ ಚಿಟ್ಟೆಗಳಿದ್ದವು. ಯಾವ ಹೆಸರು ದಾಖಲಿಸಲಿ?

ಉತ್ತರ: ದೂರದಿಂದ ಮೂರೂ ಹೀಗೇ ಕಾಣುತ್ತವೆ, ಆ್ಯಪ್ ಎಡವುವುದೇ ಅಲ್ಲಿ. ಗಿಣ್ಣುಗಳನ್ನು ಹತ್ತಿರದಿಂದ ನೋಡಿ. ಅಲ್ಲಿ ಜೋಡಿ ಮುಳ್ಳಿದ್ದರೆ ಕೈರ್, ವೈಜ್ಞಾನಿಕ ಹೆಸರು ಕ್ಯಾಪಾರಿಸ್ ಡೆಸಿಡುವಾ. ಮುಳ್ಳಿಲ್ಲದೆ ತೆಳು ಕಡ್ಡಿಗಳು ಪೊರಕೆಯ ಹಾಗೆ ಒತ್ತಾಗಿದ್ದರೆ ಖೀಂಪ್. ಅದರ ಕಾಯಿ ಉದ್ದ, ಚೂಪು, ಒಡೆದರೆ ಬೀಜಕ್ಕೆ ರೇಷ್ಮೆಯಂಥ ಕೂದಲು. ಫೋಗ್‌ಗೆ ಗಿಣ್ಣು ಉಬ್ಬಿರುತ್ತದೆ, ಕಾಯಿಯ ಮೈತುಂಬ ಕೆಂಚು ಬಿರುಗೂದಲು. ಅದು ಹೆಚ್ಚಾಗಿ ಮರಳುದಿಬ್ಬದ ಗಿಡ. ಕೈರ್ ಕಲ್ಲುಮಿಶ್ರಿತ ಗಟ್ಟಿ ನೆಲದಲ್ಲೂ ಬೆಳೆಯುತ್ತದೆ.

ಪ್ರಶ್ನೆ: ಜೋಡಿ ಮುಳ್ಳಿದೆ, ಇಟ್ಟಿಗೆಗೆಂಪು ಹೂವೂ ಇದೆ. ಆದರೆ ಒಂದು ಚಿಗುರಲ್ಲಿ ಪುಟ್ಟ ಎಲೆಗಳಿವೆ. ಹಾಗಾದರೆ ಕೈರ್ ಅಲ್ಲವೇ?

ಉತ್ತರ: ಕೈರೇ. ಎಳೆ ಚಿಗುರಲ್ಲಿ ಕಿರಿದಾದ ಎಲೆ ಬಂದು ಬೇಗ ಉದುರುತ್ತದೆ. ಆಮೇಲೆ ಆಹಾರ ತಯಾರಿಸುವ ಕೆಲಸ ಹಸಿರು ಕಡ್ಡಿಯದ್ದು. ದಾಖಲೆಗೆ ಇಡೀ ಪೊದೆ, ಗಿಣ್ಣು, ಹೂವು ಅಥವಾ ಕಾಯಿ, ಬುಡದ ನೆಲ ಹೀಗೆ ನಾಲ್ಕು ಫೋಟೊ ಹಾಕಿ. ಗಿಣ್ಣಿನ ಪಕ್ಕ ಸ್ಕೇಲ್ ಹಿಡಿದರೆ ಇನ್ನೂ ಒಳ್ಳೆಯದು.

ಇನ್ನೊಬ್ಬರ ಉತ್ತರ: ಚಿಟ್ಟೆ ಪಯೋನಿಯರ್ ಎಂಬ ಜಾತಿಯದ್ದಿರಬಹುದು, ಅದರ ಹುಳು ಕೈರ್ ಸೇರಿದ ಕ್ಯಾಪಾರಿಸ್ ಕುಲದ ಗಿಡಗಳನ್ನು ತಿನ್ನುತ್ತದೆ. ಆದರೆ ಹೂವಿನ ಮೇಲೆ ಕೂತ ಚಿಟ್ಟೆ ಮಕರಂದಕ್ಕಷ್ಟೇ ಬಂದಿರಬಹುದು. ಎಳೆ ಚಿಗುರಲ್ಲಿ ಮೊಟ್ಟೆ ಅಥವಾ ಹುಳು ಸಿಕ್ಕರೆ ಮಾತ್ರ ‘ಆತಿಥೇಯ ಸಸ್ಯ’ (ಹುಳು ತಿಂದು ಬೆಳೆಯುವ ಗಿಡ) ಎಂದು ಬರೆಯಿರಿ. ಅನೇಕ ದಾಖಲೆಗಳು ಕೆಡುವುದು ಈ ಅವಸರದಿಂದಲೇ. ಹಣ್ಣು ಕೆಂಪಾದಾಗ ಮತ್ತೆ ಹೋದರೆ ಬಿಳಿಕಿವಿಯ ಪಿಕಳಾರಗಳನ್ನು ನೋಡಬಹುದು. ನಮ್ಮ ಸಿರುಗುಪ್ಪ ಕಡೆಯ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಅಳಿವಿನಂಚಿನ ದೊಡ್ಡ ಹಕ್ಕಿ ಕೂಡ ಥಾರ್‌ನಲ್ಲಿ ಈ ಹಣ್ಣು ತಿನ್ನುತ್ತದೆ. ಅದು ಕಂಡರೆ ನಿಖರ ಸ್ಥಳ ಮರೆಮಾಡಿಯೇ ದಾಖಲಿಸಿ, ಹತ್ತಿರ ಹೋಗಬೇಡಿ.

ಪೊದೆಯ ಬುಡದಲ್ಲಿ ಮರಳಿಲಿಗಳ ಬಿಲವಿದ್ದರೆ ಫೋಟೊ ಸಾಕು, ಕೈ ಹಾಕಬೇಡಿ. ಗರಗಸ ಮಂಡಲ ಹಾವು ಇಂಥ ನೆರಳಲ್ಲೇ ಮಲಗಿರುತ್ತದೆ.