ಅಪ್ಪ ಹೊತ್ತಿಗೆ ಐದು ರೊಟ್ಟಿ ಉಂಡು ತೆಳ್ಳಗಿದ್ದರು. ಮೂರು ಉಣ್ಣುವ ನನಗೇಕೆ ಬೊಜ್ಜು?

ಎರೆಹೊಲ, ಹುಬ್ಬಳ್ಳಿ

ನನ್ನ ಊರು ರೋಣ ತಾಲ್ಲೂಕಿನಲ್ಲಿದೆ. ಹನ್ನೆರಡು ವರ್ಷಗಳ ಹಿಂದೆ ಹೊಲವನ್ನು ಅಣ್ಣನಿಗೆ ಒಪ್ಪಿಸಿ ಹುಬ್ಬಳ್ಳಿಗೆ ಬಂದೆ. ಅಂದಿನಿಂದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಬಂದಾಗ 64 ಕಿಲೋ ಇದ್ದ ತೂಕ ಈಗ 75 ಆಗಿದೆ. ಎತ್ತರ 168 ಸೆಂಟಿಮೀಟರ್, ಸೊಂಟದ ಸುತ್ತಳತೆ 96, ವಯಸ್ಸು 43. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ 6.1 ಬಂದಿತು.

ನನಗೆ ಅರ್ಥವಾಗದ ಸಂಗತಿ ಇದು. ನಮ್ಮ ತಂದೆಯವರು ಹೊತ್ತಿಗೆ ಐದರಂತೆ ದಿನಕ್ಕೆ ಹತ್ತು ರೊಟ್ಟಿ ಉಣ್ಣುತ್ತಿದ್ದರು, ಕೊನೆಯವರೆಗೂ ಅವರಿಗೆ ಹೊಟ್ಟೆ ಬರಲಿಲ್ಲ. ನಾನು ಹೊತ್ತಿಗೆ ಮೂರಕ್ಕೆ ನಿಲ್ಲಿಸುತ್ತೇನೆ. ಪರಿಚಯದವರೊಬ್ಬರು ರೊಟ್ಟಿಯನ್ನೇ ಬಿಡಬೇಕೆನ್ನುತ್ತಾರೆ. ಮತ್ತೊಬ್ಬರು, ನಲವತ್ತು ದಾಟಿದ ಮೇಲೆ ದೇಹ ಉರಿಸುವುದನ್ನೇ ಕಡಿಮೆ ಮಾಡುತ್ತದೆ, ಏನು ಮಾಡಿದರೂ ಪ್ರಯೋಜನವಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ?

ಕೆಲಗೇರಿ ದಂಡೆ, ಧಾರವಾಡ

ನಾನು ಆಹಾರ ವಿಜ್ಞಾನ ಓದಿದವಳು. ನನಗೆ ಇಬ್ಬರ ಮಾತೂ ಒಪ್ಪಿಗೆಯಾಗುವುದಿಲ್ಲ.

ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲರಿ ಶಕ್ತಿ ಇರುತ್ತದೆ. ಒಂದು ರೊಟ್ಟಿಗೆ ಅರವತ್ತು ಗ್ರಾಂ ಹಿಟ್ಟು ಹಿಡಿದರೆ 200 ಕ್ಯಾಲರಿ ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ಅವನಿಗೆ ದಿನಕ್ಕೆ 2,110 ಕ್ಯಾಲರಿ ಸಾಕು. ಮೈಮುರಿದು ದುಡಿಯುವವನಾದರೆ 3,470 ಬೇಕು. ನಡುವಿನ ಅಂತರ 1,360, ಅಂದರೆ ಹೆಚ್ಚುಕಡಿಮೆ ಏಳು ರೊಟ್ಟಿ. ನೀವು ತಂದೆಯವರಿಗಿಂತ ಕಡಿಮೆ ಉಣ್ಣುತ್ತಿರುವುದು ನಾಲ್ಕು. ಎಡೆ ಹೊಡೆಯುವುದು, ರಾಶಿ ಮಾಡುವುದು, ಹೊಲಕ್ಕೆ ನಡೆದು ಹೋಗಿಬರುವುದು ಇವೆಲ್ಲ ನಿಂತಾಗ ಉಳಿದ ಶಕ್ತಿಯಷ್ಟು ನಿಮ್ಮ ಊಟ ತಗ್ಗಲಿಲ್ಲ. ಹಸಿವು ದುಡಿಮೆಯ ಏರಿಳಿತವನ್ನು ಕರಾರುವಾಕ್ಕಾಗಿ ಹಿಂಬಾಲಿಸುವುದಿಲ್ಲ; ದುಡಿಮೆ ನಿಂತರೂ ಹಳೆಯ ತಾಟಿನ ಅಳತೆಯನ್ನೇ ಕೇಳುತ್ತಿರುತ್ತದೆ.

ವಯಸ್ಸಿನ ಮಾತಿಗೆ ಬಂದರೆ, 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸುಮಾರು 6,400 ಜನರ ಶಕ್ತಿವ್ಯಯದ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ, ಇಪ್ಪತ್ತರಿಂದ ಅರವತ್ತರವರೆಗೆ ಈ ವ್ಯಯ ಬಹುತೇಕ ಒಂದೇ ಮಟ್ಟದಲ್ಲಿರುತ್ತದೆ, ಇಳಿಕೆ ಶುರುವಾಗುವುದು ಅರವತ್ತರ ಸುಮಾರಿಗೆ ಎಂಬುದು ಕಂಡುಬಂದಿತು. ಆದ್ದರಿಂದ ನಲವತ್ಮೂರನ್ನು ದೂರುವುದು ಬೇಡ.

ಇನ್ನು ರೊಟ್ಟಿಯ ಸುತ್ತ ಏನಿದೆ ನೋಡಿಕೊಳ್ಳಿ. ಜೋಳದಲ್ಲಿ ನಾರಿನಂಶ ಚೆನ್ನಾಗಿದೆ, ಅದನ್ನು ಬಿಟ್ಟು ಮೈದಾ ಅಥವಾ ಬಿಳಿ ಅನ್ನಕ್ಕೆ ಹೋಗುವುದರಿಂದ ಲಾಭವಿಲ್ಲ. ಆದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ ಇದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ ಸುಮಾರು 345 ಕ್ಯಾಲರಿ. ಎರಡು ಚಮಚ ಸಕ್ಕರೆ ಹಾಕಿದ ಐದು ಕಪ್ ಚಹಾ ಕುಡಿದರೆ, ಹಾಲನ್ನು ಬಿಟ್ಟೇ, ಇನ್ನೂ 200. ನೀವು ಎಣಿಸದ ರೊಟ್ಟಿಗಳು ಇವು. ಶೇಂಗಾ ಹಿಂಡಿ ಒಳ್ಳೆಯ ಪದಾರ್ಥವೇ ಹೌದು, ಆದರೆ ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲರಿ ಇರುವುದರಿಂದ ಮೂರನೆಯ ಚಮಚಕ್ಕೆ ಕೈ ಹಾಕುವಾಗ ಯೋಚಿಸಿರಿ.

ಲೆಕ್ಕದ ಮಾಸ್ತರ, ಗದಗ

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇದೆಯೆಂದು ಓದಿದ್ದೇನೆ. ಹನ್ನೆರಡು ವರ್ಷದಲ್ಲಿ 11 ಕಿಲೋ ಏರಿದೆ ಎಂದರೆ ಹೆಚ್ಚಾದದ್ದು ದಿನಕ್ಕೆ ಕೇವಲ 20 ಕ್ಯಾಲರಿ. ಚಹಾಕ್ಕೆ ಒಂದು ಚಮಚ ಸಕ್ಕರೆ ಕಡಿಮೆ ಹಾಕಿದರೆ ತೀರಿತಲ್ಲ, ಇಷ್ಟು ದೊಡ್ಡ ಚರ್ಚೆ ಏಕೆ?

ಕೆಲಗೇರಿ ದಂಡೆ, ಧಾರವಾಡ

ಭಾಗಾಕಾರ ಸರಿಯಾಗಿದೆ ಮಾಸ್ತರರೇ, ಆದರೆ ದೇಹ ಸ್ಥಿರವಾದ ಹಗೇವಲ್ಲ. ತೂಕ ಏರಿದಂತೆ ಆ ತೂಕವನ್ನು ಹೊರಲು, ಪೋಷಿಸಲು ಹೆಚ್ಚು ಶಕ್ತಿ ಖರ್ಚಾಗುತ್ತದೆ. ಹಾಗಾಗಿ ಹೆಚ್ಚುವರಿ 20 ಕ್ಯಾಲರಿ ತಿನ್ನುವವನ ತೂಕ ಒಂದು ಕಿಲೋದಷ್ಟು ಏರುವ ಮೊದಲೇ ನಿಂತುಬಿಡುತ್ತದೆ. 2011ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ, ಒಂದು ಕಿಲೋ ತೂಕದ ಶಾಶ್ವತ ಬದಲಾವಣೆಗೆ ದಿನಕ್ಕೆ ಸುಮಾರು 24 ಕ್ಯಾಲರಿಯ ಶಾಶ್ವತ ಬದಲಾವಣೆ ಬೇಕು, ಅದರಲ್ಲಿ ಅರ್ಧದಷ್ಟು ಮೊದಲ ವರ್ಷದಲ್ಲಿ ಕಾಣುತ್ತದೆ. 11 ಕಿಲೋಗೆ 260ರ ಆಸುಪಾಸು. ಒಂದು ಚಮಚ ಸಕ್ಕರೆಯಿಂದ ಇದು ತೀರುವುದಿಲ್ಲ. ಹಾಗೆಂದು ಉಪವಾಸ ಕೂರಬೇಕಾಗಿಯೂ ಇಲ್ಲ.

ಬ್ಯಾಡಗಿ ಕಾಯಿ, ಹಾವೇರಿ

ಉಪವಾಸದ ಪ್ರಯೋಗವನ್ನು ನಾನು ಮಾಡಿ ನೋಡಿದ್ದೇನೆ. ಎರಡು ತಿಂಗಳು ರಾತ್ರಿಯೂಟ ಬಿಟ್ಟು, ಮಧ್ಯಾಹ್ನ ಒಂದೇ ರೊಟ್ಟಿ ಉಂಡು ಆರು ಕಿಲೋ ಇಳಿದೆ. ಮನೆಯವರ ಮೇಲೆ ಸಿಡುಕಿದ್ದೇ ಸಿಡುಕಿದ್ದು, ಮೈಯಲ್ಲಿ ಸದಾ ಚಳಿ, ಕನಸಿನಲ್ಲಿಯೂ ಹೋಳಿಗೆ. ಮುಂದಿನ ದೀಪಾವಳಿಯ ಹೊತ್ತಿಗೆ ಆರಕ್ಕೆ ಏಳಾಗಿ ಹಿಂತಿರುಗಿತು. ಹೊಟ್ಟೆ ಕಟ್ಟಿ ಇಳಿದಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಹಸಿವು ಹೆಚ್ಚುತ್ತದೆ, ದೇಹವೂ ಖರ್ಚನ್ನು ಬಿಗಿಹಿಡಿಯುತ್ತದೆ ಎಂಬುದು ಆಮೇಲೆ ತಿಳಿಯಿತು.

ಎರಡನೆಯ ಸಲ ಸಂಜೆಯ ಗಿರಮಿಟ್-ಮಿರ್ಚಿಯನ್ನು ವಾರಕ್ಕೊಂದು ದಿನಕ್ಕೆ ಇಳಿಸಿದೆ; ಉಳಿದ ದಿನ ಹೆಸರುಕಾಳಿನ ಉಸಳಿ, ಸೌತೆಕಾಯಿ, ಮಜ್ಜಿಗೆ. ಊಟವಾದ ಕೂಡಲೇ ಕಾಲುಗಂಟೆ ನಡೆಯುತ್ತೇನೆ. ಒಂದೂವರೆ ವರ್ಷಕ್ಕೆ ನಾಲ್ಕು ಕಿಲೋ ಇಳಿದಿದೆ, ಅಷ್ಟೇ. ಇನ್ನೊಂದು ಮಾತು: ಕಡಕ ರೊಟ್ಟಿ ತೆಳುವಾಗಿರುವುದರಿಂದ ಒಂದು ಹೋಗಿ ನಾಲ್ಕಾಗುವುದು ಲಕ್ಷ್ಯಕ್ಕೇ ಬರುವುದಿಲ್ಲ. ರೊಟ್ಟಿಯನ್ನು ಎಣಿಸಬೇಡಿರಿ, ಹಿಟ್ಟನ್ನು ಅಳೆಯಿರಿ.

ಕೆಲಗೇರಿ ದಂಡೆ, ಧಾರವಾಡ

ಊಟದ ನಂತರದ ನಡಿಗೆಗೆ ಗಟ್ಟಿಯಾದ ಕಾರಣವಿದೆ. ದುಡಿಯುತ್ತಿರುವ ಸ್ನಾಯು ರಕ್ತದ ಗ್ಲುಕೋಸನ್ನು ಇನ್ಸುಲಿನ್‌ಗಾಗಿ ಕಾಯದೆಯೂ ಒಳಗೆಳೆದುಕೊಳ್ಳಬಲ್ಲದು. ತೂಕ ಇಳಿಸುವುದರಲ್ಲಿ ಮಾತ್ರ ನಡಿಗೆಯ ಪಾಲು ಜನ ನಂಬಿರುವುದಕ್ಕಿಂತ ಕಡಿಮೆ: 75 ಕಿಲೋ ತೂಕದವರು ಐದು ಕಿಲೋಮೀಟರ್ ನಡೆದರೆ ಕಳೆಯುವುದು ಒಂದೂವರೆ ರೊಟ್ಟಿಯಷ್ಟು ಶಕ್ತಿ, ಉಣಕಲ್ ಕೆರೆ ಸುತ್ತಿ ಬಂದು ಮಿರ್ಚಿ ತಿಂದರೆ ಲೆಕ್ಕ ಚುಕ್ತಾ.

ಪ್ರಶ್ನೆ ಕೇಳಿದವರಿಗೆ: ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ಭಾರತೀಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ದಾಟಬಾರದು. ಅಮೆರಿಕದಲ್ಲಿ ಹೀಗೆ ಹೊಸ್ತಿಲಲ್ಲಿದ್ದವರಿಗೆ ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮದ ಗುರಿ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂದಿತು. ರೋಗಕ್ಕೆ ತುತ್ತಾಗುವ ಸಾಧ್ಯತೆ ಶೇ 58ರಷ್ಟು ತಗ್ಗಿತ್ತು. ನಿಮ್ಮ ಲೆಕ್ಕದಲ್ಲಿ ಅದು ಐದು ಕಿಲೋ ಚಿಲ್ಲರೆ. 64ಕ್ಕೇ ಮರಳಬೇಕೆಂಬ ಹಟ ಬೇಡ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿರಿ.

ಎರೆಹೊಲ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮನೆಯಲ್ಲಿ ವಿಚಾರಿಸಿದೆ: ನಾವು ನಾಲ್ವರೇ ಇದ್ದು, ತಿಂಗಳಿಗೆ ಎಣ್ಣೆ ಆರು ಲೀಟರ್ ಸಾಲುತ್ತಿಲ್ಲವಂತೆ. ಅಂಗಡಿಯಲ್ಲಿ ಬಂದ ಗಿರಾಕಿಯೊಂದಿಗೆಲ್ಲ ಕುಡಿದ ಚಹಾ ಎಣಿಸಿದರೆ ಏಳು ಕಪ್. ಎಣ್ಣೆಯನ್ನು ನಾಲ್ಕು ಲೀಟರಿಗೆ ಇಳಿಸಲು ಹೆಂಡತಿ ಒಪ್ಪಿದ್ದಾಳೆ, ಎಣ್ಣೆಗಾಯಿ ಮಾಡುವ ದಿನ ಮಾತ್ರ ಈ ಲೆಕ್ಕ ತೆಗೆಯಬಾರದೆಂಬ ಕರಾರಿನ ಮೇಲೆ. ಚಹಾ ಇಂದಿನಿಂದ ಮೂರು, ಅವೂ ಸಕ್ಕರೆಯಿಲ್ಲದೆ. ರೊಟ್ಟಿ ಸದ್ಯಕ್ಕೆ ಎರಡೂವರೆ. ಉಳಿದ ಅರ್ಧದ ಜಾಗಕ್ಕೆ ಮೆಂತ್ಯದ ಸೊಪ್ಪು, ಮೂಲಂಗಿ ತಂದಿಟ್ಟಿದ್ದೇನೆ. ಮೂರು ತಿಂಗಳ ವರದಿ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.