ಮನ್ಯಾಗ ಸೋಡಿಯಂ ತೆಗೀಲಿಕ್ಕೆ ಬರ್ತದೇನ್ರಿ?

ಪ್ರಶ್ನೆ (ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ): ಸರ, ಮಗ ಪಿಯುಸಿ ಎರಡನೇ ವರ್ಷ. ರಜಾಕ್ಕ ಬಂದಾಂವ ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜರಿನ ವೈರ್ ಉಪ್ಪುನೀರಾಗ ಇಟ್ಟು ಉಪ್ಪಿನ್ಯಾಗಿನ ಸೋಡಿಯಂ ಲೋಹ ತೆಗಿತೀನಿ ಅಂತ ಕುಂತಿದ್ದ. ಬರೇ ಗುಳ್ಳಿ ಬಂದ್ವು, ಖೋಲಿ ತುಂಬ ಬ್ಲೀಚಿಂಗ್ ಪೌಡರ್ ವಾಸನಿ. ಈಗ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಕಾಯಿಸಿ ಕರಗಿಸಿ ಮಾಡ್ತೀನಿ ಅಂತಾನ. ಬಿಡ್ಲೋ ಬ್ಯಾಡೋ?

ಉತ್ತರ (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ): ಬಿಡಬ್ಯಾಡ್ರಿ. ಆ ವಾಸನಿ ಕ್ಲೋರಿನ್ನಿಂದು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲ ಹಿಡಿದು ಕೂಡತದ. ಬಾಗಲಾ ಕಿಟಕಿ ತೆಗೆದು ಎಲ್ಲಾರೂ ಹೊರಗ ಬರ್ರಿ. ಕೆಮ್ಮು, ಎದಿ ಬಿಗಿತ ಇದ್ರ ದವಾಖಾನಿಗೆ ಹೋಗ್ರಿ. ಇನ್ನೊಂದು ವೈರಿನ ಗುಳ್ಳಿ ಹೈಡ್ರೋಜನ್, ಒಂದು ಕಿಡಿ ಸಾಕು. ನೀರಿದ್ದಲ್ಲಿ ಸೋಡಿಯಂ ಹಿಂಗ ಸಿಗೂದಿಲ್ಲ, ಅದಕ್ಕಿಂತ ಮೊದಲು ನೀರೇ ಒಡೀತದ.

ಹುಡುಗನ ಎರಡನೇ ವಿಚಾರದಾಗ ತಪ್ಪಿಲ್ಲ, ನನಗ ಹೆದರಿಕಿ ಆಗೂದೇ ಅದಕ್ಕ. 1807ರಾಗ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಸೋಡಿಯಂ ತೆಗೆದದ್ದು ಕಾಸ್ಟಿಕ್ಕಿನಿಂದನ. ಆದ್ರ ಅದು ಕರಗೂದು 318 ಡಿಗ್ರಿಗೆ. ಒಗ್ಗರಣಿ ಎಣ್ಣಿ ಸಿಡಿದ್ರ ಬೊಬ್ಬಿ ಬರ್ತದ. ಇದು ಸಿಡಿದ್ರ ಸುಡೂದರ ಜೋಡಿ ಚರ್ಮಾನ ತಿಂತದ, ಕಣ್ಣಿಗೆ ಬಿದ್ರ ಕಣ್ಣೇ ಹೋದೀತು. ಅಲ್ಯೂಮಿನಿಯಂ ಪಾತೇಲಿನೂ ಬಿಡೂದಿಲ್ಲ. ಅದರ ಮ್ಯಾಲ, ಕರೆಂಟ್ ಹಾಯಿಸಿದ್ರ ಒಂದು ಕಡೆ ಸೋಡಿಯಂ ಹುಟ್ಟೂವಾಗ ಇನ್ನೊಂದು ಕಡೆ ನೀರು ಹುಟ್ಟತದ. ಎರಡೂ ಒಂದೇ ಪಾತ್ರ್ಯಾಗ! ಕೂಡಿದ್ರ ಢಮ್. ಸೋಡಿಯಂ 98 ಡಿಗ್ರಿಗೇ ಕರಗತದ, ಅಂದ್ರ ಅಷ್ಟು ಕಾವಿನ್ಯಾಗ ದ್ರವ ಆಗಿ ತೇಲಿ ಗಾಳಿಗೆ ಹೊತ್ತಿಕೊಳ್ಳತದ. ಲೋಹ ಹುಟ್ಟಿಸೂದು ದೊಡ್ಡ ಮಾತಲ್ರಿ, ಹಿಡಿಯೂದೇ ಕಷ್ಟ. ಲ್ಯಾಬಿನ್ಯಾಗ ಸೀಮೆಎಣ್ಣಿಯಾಗ ಮುಳುಗಿಸಿ ಇಡೂದು ಸುಮ್ಮನ ಅಲ್ಲ.

ಪ್ರಶ್ನೆ (ಅವರೇ): ಒಂದ ವೇಳೆ ಬೆಂಕಿ ಹತ್ತಿದ್ರ?

ಉತ್ತರ: ನೀರು ಮಾತ್ರ ಹಾಕಬ್ಯಾಡ್ರಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬ್ಯಾಡ. ಸಣ್ಣದಿದ್ದು, ಪೂರ್ತಿ ಒಣಗಿದ ಉಸುಕು ಕೈಯಾಗ ಇದ್ರ ಮುಚ್ಚಬಹುದು. ಇಲ್ಲಂದ್ರ ಮಂದಿನ ಹೊರಗ ಕರಕೊಂಡು ಬಂದು 112ಕ್ಕ ಫೋನ್ ಮಾಡ್ರಿ, ಸೋಡಿಯಂ ಅಂತ ಮೊದಲ ಹೇಳ್ರಿ.

ಪ್ರಶ್ನೆ (ಬೆಳಗಾವಿಯ ಹೆಣ್ಣುಮಗಳು): ನಮ್ಮೂರಾಗ ಹಿಂಡಾಲ್ಕೋ ಕಂಪನಿ ಕಾರ್ಖಾನಿ ಅದ ಅಲ್ರಿ ಸರ. ಬಾಕ್ಸೈಟ್ ಅದಿರಿನಿಂದ ಮನ್ಯಾಗ ಅಲ್ಯೂಮಿನಿಯಂ ಆದ್ರೂ ಮಾಡಬಹುದಾ?

ಉತ್ತರ: ಅಲ್ಲಿ ಬಾಕ್ಸೈಟಿನಿಂದ ಮಾಡೂದು ಅಲ್ಯೂಮಿನಾರೀ ತಂಗಿ, ಅಂದ್ರ ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಪುಡಿ. ಅದರಿಂದ ಲೋಹ ತೆಗೀಬೇಕಾದ್ರ ಸುಮಾರು 950 ಡಿಗ್ರಿಗೆ ಕಾಯಿಸಿ ಕರಗಿಸಿದ ಕ್ರಯೋಲೈಟ್ ಅನ್ನೂ ಖನಿಜದಾಗ ಕರಗಿಸಿ ಕರೆಂಟ್ ಹಾಯಿಸಬೇಕು. ಕಿಲೋಕ್ಕ 13-15 ಯುನಿಟ್ ಬೇಕು, ಅದೂ ದೊಡ್ಡ ಕಾರ್ಖಾನ್ಯಾಗ.

ತಿಕೋಟಾದವರಿಗೆ ಇನ್ನೊಂದು. ನಿಮ್ಮ ಮನ್ಯಾಗ ದ್ರಾಕ್ಷಿಗೆ ಹೊಡಿಯೂ ಬೋರ್ಡೋ ದ್ರಾವಣಕ್ಕ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರ್ತದ. ಚಿಟಿಕಿಯಷ್ಟು ನೀರಾಗ ಕರಗಿಸಿ, ತಿಕ್ಕಿ ತೊಳೆದ ಕಬ್ಬಿಣದ ಮೊಳಿ ಹಾಕಿಸ್ರಿ. ಗಾಜಿನ ಗ್ಲಾಸು, ಕೈಗೆ ಗ್ಲೌಸು. ಆ ಗ್ಲಾಸು ಮತ್ತ ಅಡಗಿಮನಿಗೆ ಬರಬಾರದು, ವಿಷ ಅದು. ಸ್ವಲ್ಪ ಹೊತ್ತಿಗೆ ಮೊಳಿ ಮ್ಯಾಲ ಕೆಂಪು ತಾಮ್ರ ಕೂಡತದ. ಕಬ್ಬಿಣ ತಾಮ್ರಾನ ಹೊರಗ ಹಾಕ್ತು, ಸೋಡಿಯಂನ ಯಾಕ ಹಾಕೂದಿಲ್ಲ ಅಂತ ಹುಡುಗನ್ನ ಕೇಳ್ರಿ. ಉತ್ತರ ಬರೀಲಿ, ನಾನು ಓದತೀನಿ.