'ಬರಬೇಕಾಗಿಲ್ಲ' ಅನ್ನೋದಕ್ಕೆ 'ಮಸ್ಟ್ ನಾಟ್' ಹಾಕಬಹುದಾ?

ಮೇಲ್‌ಬರಹ:
ಇಂಗ್ಲಿಷ್ ಮೇಲ್ ಬರೆಯುವಾಗ ಮೋಡಲ್ ವರ್ಬ್ (ಮಸ್ಟ್, ಕ್ಯಾನ್ ಥರದ ಸಹಾಯಕ ಕ್ರಿಯಾಪದ) ಬಂತು ಅಂದ್ರೆ ತಡವರಿಸ್ತೀನಿ. "ನೀವು ನಾಳೆ ಬರಬೇಕಾಗಿಲ್ಲ" ಅನ್ನೋದಕ್ಕೆ "ಯು ಮಸ್ಟ್ ನಾಟ್ ಕಮ್ ಟುಮಾರೋ" ಸರಿನಾ? "ನಿನ್ನೆನೇ ಕಳಿಸಬೇಕಿತ್ತು" ಅನ್ನೋದಕ್ಕೆ "ಐ ಮಸ್ಟ್ ಸೆಂಡ್ ಇಟ್ ಯೆಸ್ಟರ್‌ಡೇ" ನಡೆಯುತ್ತಾ? ಕ್ಯಾನ್, ಕುಡ್, ಮೇ, ಮೈಟ್ ಪಟ್ಟಿಯೆಲ್ಲ ಬಾಯಿಪಾಠ ಇದೆ, ವಾಕ್ಯ ಮಾಡುವಾಗ ಮಾತ್ರ ಕೈಕೊಡುತ್ತೆ.

ಕರಡುತಿದ್ದು:
ಎರಡೂ ತಪ್ಪು. ಮೊದಲನೆಯದನ್ನು ಓದಿದವರು ಬೇಜಾರು ಮಾಡಿಕೊಳ್ಳುತ್ತಾರೆ. "ಮಸ್ಟ್ ನಾಟ್ ಕಮ್" ಅಂದರೆ "ಬರಕೂಡದು". ನಿಮಗೆ ಬೇಕಾದ್ದು "ಯು ಡೋಂಟ್ ಹ್ಯಾವ್ ಟು ಕಮ್ ಟುಮಾರೋ" ಅಥವಾ "ಯು ನೀಡ್ ನಾಟ್ ಕಮ್". ಬರಲೇಬೇಕು ಅನ್ನುವಾಗ "ಮಸ್ಟ್" ಮತ್ತು "ಹ್ಯಾವ್ ಟು" ಹೆಚ್ಚುಕಮ್ಮಿ ಒಂದೇ. "ನಾಟ್" ಸೇರಿತೋ, ಒಂದು ನಿಷೇಧವಾಗುತ್ತದೆ, ಇನ್ನೊಂದು ವಿನಾಯಿತಿಯಾಗುತ್ತದೆ. ಎಡವುವುದು ಇಲ್ಲೇ.

ಎರಡನೆಯದು: ಬಲವಂತ ಹೇಳುವ "ಮಸ್ಟ್"ಗೆ ಭೂತಕಾಲದ ರೂಪ ಇಲ್ಲ. ಹಾಗಾಗಿ ಕಳಿಸಿದ್ರಾ, ಇಲ್ವಾ ಅಂತ ಮೊದಲು ಕೇಳಿಕೊಳ್ಳಿ. ಕಳಿಸಬೇಕಿತ್ತು, ಕಳಿಸಲಿಲ್ಲ: "ಐ ಶುಡ್ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ". ಮನಸ್ಸಿಲ್ಲದಿದ್ದರೂ ಕಳಿಸಬೇಕಾಯಿತು: "ಐ ಹ್ಯಾಡ್ ಟು ಸೆಂಡ್ ಇಟ್". ಮುಂದೆ ಕಳಿಸಬೇಕಾಗುತ್ತದೆ ಅನ್ನುವುದಕ್ಕೆ "ವಿಲ್ ಹ್ಯಾವ್ ಟು". "ವಿಲ್ ಮಸ್ಟ್" ಅಂತ ಎರಡು ಮೋಡಲ್ ಜೋಡಿಸುವ ಹಾಗಿಲ್ಲ.

ವಿ3ಪ್ರೇಮಿ:
ಮೇಲಿನವರು ಹೇಳಿದ್ದರ ಜೊತೆಗೆ ಊಹೆಯ "ಬೇಕು" ಒಂದಿದೆ. ನೆಲ ಒದ್ದೆಯಾಗಿದೆ, ರಾತ್ರಿ ಮಳೆ ಬಂದಿರಬೇಕು: "ಇಟ್ ಮಸ್ಟ್ ಹ್ಯಾವ್ ರೇನ್ಡ್". ಇಲ್ಲಿ ಬಲವಂತ ಏನೂ ಇಲ್ಲ. ಅನುಮಾನ ಇದ್ದರೆ, ಅಂದರೆ "ಬಂದಿರಬಹುದು" ಅನ್ನುವಷ್ಟೇ ಆದರೆ, "ಮೇ ಹ್ಯಾವ್" ಅಥವಾ "ಮೈಟ್ ಹ್ಯಾವ್". "ಬಂದಿರೋಕೆ ಸಾಧ್ಯವೇ ಇಲ್ಲ" ಅನ್ನುವುದಕ್ಕೆ "ಕಾಂಟ್ ಹ್ಯಾವ್ ರೇನ್ಡ್". "ಹೋಗಬಹುದಿತ್ತು, ಹೋಗಲಿಲ್ಲ" ಅನ್ನುವುದು "ಕುಡ್ ಹ್ಯಾವ್ ಗಾನ್".

ಅಚ್ಚು ಒಂದೇ: ಮೋಡಲ್, ಆಮೇಲೆ "ಹ್ಯಾವ್", ಆಮೇಲೆ ಕ್ರಿಯಾಪದದ ವಿ3, ಅಂದರೆ "ಗಾನ್", "ಸೆಂಟ್" ಥರದ ಮೂರನೇ ರೂಪ. ಕರ್ತೃ "ಶಿ" ಆದರೂ "ಮಸ್ಟ್ ಹ್ಯಾಸ್" ಆಗುವುದಿಲ್ಲ, "ಶಿ ಮಸ್ಟ್ ಹ್ಯಾವ್ ಗಾನ್" ಅಂತಲೇ. ಮಾತಿನ ವೇಗದಲ್ಲಿ ಈ "ಹ್ಯಾವ್" ಸವೆದು "ಅವ್" ಅಂತ ಕೇಳುತ್ತೆ. ಅದನ್ನೇ ನಂಬಿ "ಶುಡ್ ಆಫ್" ಅಂತ ಬರೆಯುವವರು ಇಂಗ್ಲಿಷ್ ಮನೆಮಾತಾದವರಲ್ಲೂ ಇದ್ದಾರೆ, ನೀವು ಅವರ ಸಾಲಿಗೆ ಸೇರಬೇಡಿ.

ಅರ್ಧವಿರಾಮ:
"ಕುಡ್" ಬಗ್ಗೆ ಒಂದು ಎಚ್ಚರಿಕೆ. ಹಿಂದೆ ಇದ್ದ ಸಾಮರ್ಥ್ಯಕ್ಕೆ "ಕುಡ್" ಸರಿ: "ಅಟ್ ಸಿಕ್ಸ್, ಶಿ ಕುಡ್ ಸ್ವಿಮ್". ಒಂದು ಸಲ ಪ್ರಯತ್ನಪಟ್ಟು ಸಾಧಿಸಿದ್ದಕ್ಕೆ "ವಾಸ್ ಏಬಲ್ ಟು" ಅಥವಾ "ಮ್ಯಾನೇಜ್ಡ್ ಟು" ಬೇಕು: "ಐ ವಾಸ್ ಏಬಲ್ ಟು ಗೆಟ್ ಎ ಟಿಕೆಟ್ ಯೆಸ್ಟರ್‌ಡೇ". "ಕುಡಂಟ್" ಮಾತ್ರ ಎರಡೂ ಕಡೆ ನಡೆಯುತ್ತೆ. "ಕ್ಯಾನ್ ಏಬಲ್ ಟು" ಎಲ್ಲೂ ನಡೆಯಲ್ಲ.

ಇನ್ನೊಂದು, ಮರ್ಯಾದೆ ಅಂತ ಎಲ್ಲಕ್ಕೂ "ವುಡ್" ಹಾಕುವ ಚಟ. "ಐ ವುಡ್ ಸೆಂಡ್ ದ ರಿಪೋರ್ಟ್ ಟುಮಾರೋ" ಅಂದರೆ ಓದುವವರು ಮುಂದೆ ಒಂದು "ಇಫ್" ಬರುತ್ತೆ ಅಂತ ಕಾಯ್ತಾರೆ. ಮಾತು ಕೊಡುವಾಗ "ವಿಲ್" ಹಾಕಿ, ಕೋರಿಕೆಗೆ "ವುಡ್ ಯು", "ಕುಡ್ ಯು" ಇಟ್ಟುಕೊಳ್ಳಿ.

ಮೇಲ್‌ಬರಹ:
ಹಾಗಾದ್ರೆ ಇದು ಸರಿನಾ? "ಹಿ ಮಸ್ಟ್ ಟು ಸೈನ್ ದ ಫಾರ್ಮ್, ಬಟ್ ಹಿ ಡಸಂಟ್ ಹ್ಯಾವ್ ಟು ಕಮ್ ಇನ್ ಪರ್ಸನ್."

ಕರಡುತಿದ್ದು:
ಎರಡನೇ ಭಾಗ ಸರಿ. ಮೊದಲನೆಯದರಲ್ಲಿ "ಟು" ತೆಗೀರಿ, "ಮಸ್ಟ್ ಸೈನ್" ಸಾಕು. ಮೋಡಲ್ ಆದ ಮೇಲೆ ಬರೀ ವಿ1, ಅಂದರೆ ಕ್ರಿಯಾಪದದ ಮೂಲ ರೂಪ. "ಆಟ್ ಟು" ಒಂದೇ "ಟು" ಕೇಳುತ್ತೆ, ಮೇಲ್‌ನಲ್ಲಿ ಅದರ ಬದಲು "ಶುಡ್" ಹಾಕಿದರೂ ಆಯ್ತು.